ಆಮೇಲೆ ಸೇರಿದ ಸಾಲು

9 ಜೂನ್ 2008, ಸೋಮವಾರ

ಇವತ್ತು ಮೈಯೆಲ್ಲ ಉರಿಯುತ್ತಿದೆ. ಬರೆಯದಿದ್ದರೆ ಯಾರ ಮೇಲಾದರೂ ಹರಿಹಾಯುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಟ್ರಸ್ಟಿನ ವೆಬ್ ಪುಟ ಮುಗಿಯಿತು ಎಂದು ಶನಿವಾರ ಬೀಗಿದ್ದೆ. ಶಹಾಬಾದಿನ ನಮ್ಮ ಕಂಪ್ಯೂಟರ್ ಸೆಂಟರಿಗೆ ಇಂಥ ಕೆಲಸ ಹಿಂದೆಂದೂ ಬಂದಿರಲಿಲ್ಲ. ಗುರುರಾಜ ಸರ್ ಹಳೆಯ ಟೈಪಿಂಗ್ ಕ್ಲಾಸಿನ ಬೋರ್ಡಿಗೇ ಹೊಸ ಬಣ್ಣ ಬಳಿಸಿ ತೆರೆದ ಸೆಂಟರ್ ಇದು. ರೆಸ್ಯೂಮೆ, ಮದುವೆ ಪತ್ರಿಕೆ, ಹಾಲ್ ಟಿಕೆಟ್, ನಮ್ಮ ಬಾಳು ಅಷ್ಟೇ. ಈಗ ಕಲಬುರ್ಗಿಯ ಒಂದು ಟ್ರಸ್ಟ್ ಕಲ್ಲಿನ ಖಣಿಯ ಮಂದಿಗೆ ಎದೆ ಪರೀಕ್ಷೆ ಮಾಡಿಸುತ್ತದಂತೆ. ಎಕ್ಸ್‌ರೇ ಗಾಡಿ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಿ ಹೋಗುತ್ತದೆ. ಒಂದೇ ಸಲ ಬರುತ್ತದೆ. ಅದಕ್ಕೂ ಮೊದಲು ಮನೆಮನೆಯವರ ವಿವರವನ್ನು ನಾವು ಮಾಡಿದ ಪುಟದಲ್ಲಿ ತುಂಬಬೇಕು. ಯಾರ ಹೆಸರಿನ ಜೊತೆ ಕಲ್ಲಿನ ಕೆಲಸದ ವಿವರ ಇರುತ್ತದೋ ಅವರಿಗೆ ಮಾತ್ರ ಎಕ್ಸ್‌ರೇ, ಅವರಿಗೆ ಮಾತ್ರ ಮುಂದಿನ ಔಷಧ. ವಿವರ ಇಲ್ಲದವರು ಗಾಡಿಯ ಚಂದ ನೋಡಿಕೊಂಡು ಮನೆಗೆ ಬರಬೇಕು.

ಪುಟ ತೆರೆದಾಗ ಒಂದೇ ಸಾಲು ಕಾಣುತ್ತದೆ, ಮನೆಯ ಯಜಮಾನನದು. ಕೆಳಗೆ ‘ಸದಸ್ಯರನ್ನು ಸೇರಿಸಿ’ ಎಂಬ ಗುಂಡಿ. ಒತ್ತಿದರೆ ಹೊಸ ಸಾಲು ಮೂಡುತ್ತದೆ, ಮತ್ತೆ ಒತ್ತಿದರೆ ಮತ್ತೊಂದು. ಪ್ರತಿ ಸಾಲಿನಲ್ಲೂ ‘ಕಲ್ಲಿನ ಕೆಲಸ’ ಎಂಬ ಸಣ್ಣ ಚೌಕ ಇದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಕೆಳಗೊಂದು ಪೆಟ್ಟಿಗೆ ತೆರೆದುಕೊಂಡು ಯಾವ ಖಣಿ, ಎಷ್ಟು ವರ್ಷ, ಕೆಮ್ಮು ಇದೆಯೇ ಎಂದು ಕೇಳಬೇಕು. ಯಜಮಾನನ ಸಾಲಿನಲ್ಲಿ ಚೆನ್ನಾಗಿ ತೆರೆಯುತ್ತದೆ. ಆಮೇಲೆ ಸೇರಿಸಿದ ಯಾವ ಸಾಲಿನಲ್ಲೂ ತೆರೆಯುವುದಿಲ್ಲ. ಎಷ್ಟು ಕ್ಲಿಕ್ ಮಾಡಿದರೂ ಕಿವುಡು.

ಆಮೇಲೆ ಸೇರುವವರು ಯಾರು? ಹೆಂಡತಿ, ತಾಯಿ, ಸೊಸೆ, ಗಂಡ ಬಿಟ್ಟು ತವರಿಗೆ ಬಂದ ಮಗಳು. ಖಣಿಯಲ್ಲಿ ಕಲ್ಲಿನ ಚೂರು ಹೊರುವವರು, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ಧೂಳು ಕುಡಿಯುವವರು ಇವರೇ. ಇವರ ಪೆಟ್ಟಿಗೆಯೇ ತೆರೆಯದಿದ್ದರೆ ಇವರು ಕೆಲಸವನ್ನೇ ಮಾಡಿಲ್ಲ ಎಂದಾಯಿತು.

ಗುರುರಾಜ ಸರ್‌ಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು. “ಯಜಮಾಂದು ತೆರಿತದಲ್ಲ? ಮತ್ತೇನ್ ಬೇಕವಾ ನಿನಗ?” ಎಂದರು.

ಮತ್ತೇನು ಬೇಕಂತೆ!

ಮನೆಗೆ ಬಂದರೆ ಇಲ್ಲೂ ಕೆಮ್ಮು. ನನ್ನನ್ನು ಹೆತ್ತವಳು ತೀರಿಕೊಂಡ ಮೇಲೆ ಅಪ್ಪ ಕರೆತಂದ ಯಂಕಮ್ಮ, ಅಪ್ಪ ಹೋದ ಮೇಲೂ ವಾಡಿಯ ಈ ಮನೆಯಲ್ಲೇ ಇದ್ದಾಳೆ. ಆಕೆ ಎಲ್ಲಿಗೆ ಹೋದಾಳು? ನಾನಾದರೂ ಎಲ್ಲಿಗೆ ಹೋಗಲಿ? ಹೀಗೆ ಇಬ್ಬರೂ ಇದ್ದೇವೆ. ಮಲತಾಯಿಯನ್ನು ನಮ್ಮ ಕಡೆ ಚಿಗವ್ವ ಎನ್ನುತ್ತಾರೆ, ನಾನು ಆಕೆಯನ್ನು ಏನೆಂದೂ ಕರೆಯುವುದಿಲ್ಲ. ಹೇಳಬೇಕಾದ್ದನ್ನು ಗೋಡೆಗೆ ಹೇಳಿದ ಹಾಗೆ ಹೇಳುತ್ತೇನೆ, ಆಕೆ ಕೇಳಿಸಿಕೊಳ್ಳುತ್ತಾಳೆ. ಆಕೆ ಮಾತ್ರ ನನ್ನನ್ನು ಪೂನಮ್ಮ ಎನ್ನುತ್ತಾಳೆ. ನನ್ನ ಹೆಸರು ಪೂನಮ್. ಎಷ್ಟು ಸಲ ತಿದ್ದಿದರೂ ಆ ಬಾಲ ಬಿಟ್ಟಿಲ್ಲ.

10 ಜೂನ್, ಮಂಗಳವಾರ

ತೆರೆಯಲಿಲ್ಲ.

ಕರೆಂಟು ಹೋಯಿತು. ಬಂತು. ಆಗಲೂ ತೆರೆಯಲಿಲ್ಲ.

12 ಜೂನ್, ಗುರುವಾರ

ಯಾಕೆ ಹೀಗೆ ಎನ್ನುವುದು ತಿಳಿಯಿತು. ಪುಟ ತೆರೆದ ಗಳಿಗೆಯಲ್ಲಿ ನಾನು ಬರೆದ ಪ್ರೋಗ್ರಾಂ ಕೋಡು ಒಂದು ಸುತ್ತು ಹೋಗುತ್ತದೆ. ಅಲ್ಲಿರುವ ಪ್ರತಿ ಚೌಕಕ್ಕೂ “ನಿನ್ನ ಮೇಲೆ ಯಾರಾದರೂ ಕ್ಲಿಕ್ ಮಾಡಿದರೆ ನನಗೆ ತಿಳಿಸು” ಎಂದು ಹೇಳಿ ಬಂದು ಮಲಗಿಬಿಡುತ್ತದೆ. ಆ ಗಳಿಗೆಯಲ್ಲಿ ಇರುವುದು ಯಜಮಾನನ ಚೌಕ ಒಂದೇ. ಆಮೇಲೆ ಬಂದ ಸಾಲುಗಳಿಗೆ ಯಾರೂ ಏನೂ ಹೇಳಿಲ್ಲ. ಅವು ನೋಡಲು ಮೊದಲನೆಯದರ ಹಾಗೇ ಇವೆ, ಅದೇ ಹೆಸರು, ಅದೇ ಚೌಕ. ಅವುಗಳ ಮಾತು ಕೇಳುವವರು ಮಾತ್ರ ಯಾರೂ ಇಲ್ಲ.

ತಪ್ಪು ಸಿಕ್ಕಿತೆಂದು ಖುಷಿಯಲ್ಲಿ ಸರ್‌ಗೆ ಹೇಳಿದರೆ ಅವರು ಇನ್ನೊಂದು ದಾರಿ ತೆಗೆದರು.

“ಆ ಸೇರಿಸೋ ಗುಂಡೀನೇ ತಗದ್ ಬಿಡು. ಮೊದ್ಲೇ ಐದು ಸಾಲು ಹಾಕಿ ಇಡು. ಎಲ್ಲಾ ತೆರಿತಾವ. ಮುಗೀತಿಲ್ಲ?”

“ಸರ್ರ, ನಮ್ಮ ಓಣಿ ಹಣಮವ್ವನ ಮನ್ಯಾಗ ಎಷ್ಟ್ ಮಂದಿ ಅದಾರ ಗೊತ್ತೇನ್ರಿ? ಐದರಾಗ ಗಂಡಸರೇ ಮುಗಿಯಂಗಿಲ್ಲ.”

“ಹಂಗಾದ್ರ ಹದಿನೈದು ಹಾಕು.”

ಅದನ್ನೂ ಮಾಡಿ ನೋಡಿದ್ದೆ. ಸೇಡಂನಲ್ಲೂ ಚಿತ್ತಾಪುರದಲ್ಲೂ ಬ್ರೌಸಿಂಗ್ ಸೆಂಟರಿನವರು ಫೋನ್ ಲೈನಿನಲ್ಲಿ ಪುಟ ತೆರೆಯಬೇಕು. ಅಷ್ಟು ಸಾಲು ಇಳಿಯುವಷ್ಟರಲ್ಲಿ ಲೈನು ಕಡಿದು ಹೋಗುತ್ತದೆ ಎಂದು ಅವರೇ ಹೇಳಿದರು. ಸಾಲು ಬೇಕಾದಾಗ ಬರಬೇಕು, ಬಂದ ಮೇಲೆ ಕೇಳಿಸಿಕೊಳ್ಳಬೇಕು. ಇಷ್ಟೇ ನನ್ನ ಹಟ.

ಸರ್ ದನಿ ತಗ್ಗಿಸಿದರು. ನನ್ನ ಮೇಲೆ ಅವರಿಗೆ ಕಕ್ಕುಲಾತಿ ಇಲ್ಲ ಎಂದಲ್ಲ. “ನೋಡು ಪೂನಮ್, ನಿಮ್ಮ ಮನ್ಯಾಗ ಆಕಿ ಒಬ್ಬಾಕಿ ಖಣ್ಯಾಗ ಅದಾಳಲ್ಲ? ಆಕೀನ ಯಜಮಾನಿ ಅಂತ ಮೊದಲ್ನೇ ಸಾಲಿನ್ಯಾಗ ಬರಿ. ನಿಮ್ಮದು ತೆರಿತದ. ಊರ ಮಂದಿ ಉಸಾಬರಿ ನಿನಗ್ಯಾಕ?” ಎಂದರು.

“ನಮ್ಮ ಮನಿದಷ್ಟೇ ತೆರಿಯೋದಾದ್ರ ನಮ್ಮ ಮನಿದೂ ಬ್ಯಾಡ್ರಿ” ಎಂದುಬಿಟ್ಟೆ.

ಆ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

14 ಜೂನ್, ಶನಿವಾರ

ನಗಬೇಕೋ ಅಳಬೇಕೋ.

ಹೊಸ ಸಾಲು ಸೇರಿದಾಗಲೆಲ್ಲ ಕೋಡು ಇನ್ನೊಂದು ಸುತ್ತು ಹೋಗಿ ಎಲ್ಲ ಚೌಕಗಳಿಗೂ ಹೇಳಿ ಬರಲಿ ಎಂದು ಬರೆದೆ. ಸೇರಿಸಿದೆ, ಕ್ಲಿಕ್ ಮಾಡಿದೆ, ಹೆಂಡತಿಯ ಪೆಟ್ಟಿಗೆ ತೆರೆಯಿತು! ಎದ್ದು ಕುಣಿಯುವಷ್ಟು ಸಂತೋಷ. ಪಕ್ಕದ ಕುರ್ಚಿಯಲ್ಲಿ ಡೇಟಾ ಎಂಟ್ರಿ ಮಾಡುವ ಶಹರಬಾನು ಯಜಮಾನನ ಚೌಕದ ಮೇಲೆ ಕ್ಲಿಕ್ ಮಾಡಿದಳು. ಅವನ ಪೆಟ್ಟಿಗೆ ಕಣ್ಣು ಮಿಟುಕಿಸಿ ಮುಚ್ಚಿಕೊಂಡಿತು.

ಅವನಿಗೆ ಎರಡು ಸಲ ಹೇಳಿದಂತಾಗಿತ್ತು. ಮುಚ್ಚಿದ್ದರೆ ತೆರೆ, ತೆರೆದಿದ್ದರೆ ಮುಚ್ಚು ಎಂದು ನಾನೇ ಬರೆದದ್ದು. ಒಂದು ಕ್ಲಿಕ್ಕಿಗೆ ಎರಡು ಸಲ ಓಗೊಟ್ಟರೆ ತೆರೆದು ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ಮೂವರಿದ್ದರೆ ಯಜಮಾನನದು ತೆರೆಯುತ್ತದೆ, ನಾಲ್ವರಿದ್ದರೆ ಇಲ್ಲ.

“ಅರೆ, ಇದು ಪುಟ ಅದನೋ ಜಾದೂ ಅದನೋ?” ಎಂದು ಶಹರಬಾನು ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಮ್ಮ ಸೋದರಮಾವ ಹಿಂಗೇ ಇದ್ದ ನೋಡು. ಎರಡ್ ಸಲ ಕರದ್ರ ಸಿಟ್ಟಿಗೆದ್ದು ಬಾಗ್ಲಾ ಹಾಕ್ಕೋತಿದ್ದ.”

ನಾನೂ ನಕ್ಕೆ. ಆಮೇಲೆ ಬರೆದದ್ದನ್ನೆಲ್ಲ ಅಳಿಸಿ ಹಾಕಿದೆ.

ಮನೆಯಲ್ಲಿ ಯಂಕಮ್ಮ ಪುಂಡಿಪಲ್ಯ ಮಾಡಿದ್ದಳು. ಊಟಕ್ಕೆ ಕೂತಾಗ ನನ್ನ ಮುಖ ನೋಡಿ “ಕಂಪೂಟರ್ ಇವತ್ತೂ ಕಾಡ್ತೇನು ಪೂನಮ್ಮ?” ಎಂದು ಕೇಳಿದಳು. ಹೂಂ ಎಂದೆ. ಇನ್ನೊಂದು ರೊಟ್ಟಿ ತಟ್ಟೆಗೆ ಬಿತ್ತು. ಬೇಡ ಎನ್ನಬೇಕೆಂದಿದ್ದೆ, ಪಲ್ಯ ಚೆನ್ನಾಗಿತ್ತು.

16 ಜೂನ್, ಸೋಮವಾರ

ನನ್ನನ್ನು ಕೆಲಸದಿಂದ ತೆಗೆದರು. ತೆಗೆದರೋ ಇಲ್ಲವೋ ಅದೂ ಸ್ಪಷ್ಟವಿಲ್ಲ. “ನಾಳಿಂದ ಬರಬ್ಯಾಡ” ಎಂದರೆ ತೆಗೆದ ಹಾಗೇ ಅಲ್ಲವೇ?

ಟ್ರಸ್ಟಿನ ಶ್ರೀವಾಣಿ ಮೇಡಂ ಪುಟ ನೋಡಲು ಕಲಬುರ್ಗಿಯಿಂದ ಬಂದಿದ್ದರು. ಸರ್ ಹೊಸ ಅಂಗಿ ಹಾಕಿಕೊಂಡು, ಮಾನಿಟರನ್ನು ಬಟ್ಟೆಯಿಂದ ಒರೆಸಿ, ಚಾ ತರಿಸಿ, ತಾವೇ ಮೌಸ್ ಹಿಡಿದು ಕೂತರು. ಯಜಮಾನನ ಹೆಸರು ಬರೆದರು. ಚೌಕ ಒತ್ತಿದರು. ಪೆಟ್ಟಿಗೆ ತೆರೆಯಿತು. “ಭಾಳ ಛಲೋ ಆಗ್ಯದ” ಎಂದರು ಮೇಡಂ. ಸರ್ ಕಿಟಕಿಯನ್ನು ಮುಚ್ಚಲು ಹೊರಟರು. ಕಂಪ್ಯೂಟರಿನ ಕಿಟಕಿ, ಗೋಡೆಯದಲ್ಲ.

“ಜರ ತಡೀರಿ ಸರ್ರ” ಎಂದೆ. ಅವರ ಕೈಯಿಂದ ಮೌಸನ್ನು ತೆಗೆದುಕೊಂಡೆ. ಹೌದು, ಕೈಯಿಂದಲೇ. ‘ಸದಸ್ಯರನ್ನು ಸೇರಿಸಿ’ ಒತ್ತಿದೆ. ಹೊಸ ಸಾಲು ಬಂತು. ಹೆಂಡತಿ ಎಂದು ಬರೆದೆ. ಚೌಕ ಒತ್ತಿದೆ. ಮತ್ತೆ ಒತ್ತಿದೆ. ಮೇಡಂ ಪೆಟ್ಟಿಗೆ ತೆರೆಯಲೆಂದು ಕಾದರು.

“ಮೇಡಂ, ಹೆಂಗಸರ್ದು ಹಿಂಗ ಅದ ನೋಡ್ರಿ. ಹೆಂಗಸರೇ ಇಲ್ದ ಗಾಡಿ ಕಳಸೋದಿದ್ರ ಇದು ಬರೋಬರಿ ಅದ” ಎಂದೆ.

ಸರ್ ಮುಖ ಕಪ್ಪಿಟ್ಟಿತು. ಮೇಡಂ ಚಾದ ಲೋಟ ಕೆಳಗಿಟ್ಟು, ಶುಕ್ರವಾರದೊಳಗೆ ಸರಿಯಾಗದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕಾಗುತ್ತದೆ, ಬೇರೆಯವರು ಹೊಸದಾಗಿ ಮಾಡುವಷ್ಟರಲ್ಲಿ ಗಾಡಿ ಬೇರೆ ಜಿಲ್ಲೆಗೆ ಹೋಗುತ್ತದೆ ಎಂದು ಮೆತ್ತಗೆ ಹೇಳಿ ಹೋದರು.

ಆಮೇಲೆ ಸರ್ ಕೂಗಾಡಿದರು. “ನನ್ನ ಮಾನ ತಗದಿ! ಒಂದ್ ವಾರದಾಗ ಸುಮ್ನ ಸರಿ ಮಾಡ್ತಿದ್ವಿ. ಆಕಿ ಮುಂದ ತೋರಸ್ಬೇಕಿತ್ತೇನು? ನಾಳಿಂದ ಬರಬ್ಯಾಡ!”

ಸರಿ ಮಾಡುತ್ತಿದ್ದರಂತೆ. ಮೇಡಂ ಛಲೋ ಅಂದ ಮೇಲೆ ಆ ಪುಟದ ಕಡೆ ಯಾರು ತಿರುಗಿ ನೋಡುತ್ತಿದ್ದರು? ನಾನು ಮಾಡಿದ್ದು ಸರಿ. ಟ್ರೇನಿನಲ್ಲಿ ಬರುವಾಗ ಅಳು ಬಂತು, ಅದು ಬೇರೆ. ಆದರೆ ನಾನು ಮಾಡಿದ್ದು ಸರಿ.

17 ಜೂನ್, ಮಂಗಳವಾರ

ಹೋಗಲಿಲ್ಲ. ಹಗಲು ಹೊತ್ತು ಈ ಮನೆ ಹೇಗಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಯಂಕಮ್ಮ ಮುಂಜಾನೆಯೇ ಎದ್ದು, ಕೆಮ್ಮಿ, ನೀರು ತುಂಬಿ, ಕೆಮ್ಮಿ, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಮೂಗಿಗೆ ಸೆರಗು ಬಿಗಿದುಕೊಳ್ಳುವುದನ್ನು ನೋಡುತ್ತ ಮಲಗಿದ್ದೆ. ಅಪ್ಪ ಭೀಮಶ್ಯಾ ಹೀಗೇ ಹೆಗಲ ಮೇಲಿನ ವಲ್ಲಿ ಬಿಗಿದುಕೊಂಡು ಹೋಗುತ್ತಿದ್ದ. ಬಟ್ಟೆಗೆ ಧೂಳು ನಿಲ್ಲುವುದಿಲ್ಲ ಎಂದು ತಿಳಿದದ್ದು ಅಪ್ಪನ ಎದೆ ಪೂರ್ತಿ ಹಾಳಾದ ಮೇಲೆ. ಆಗ ಯಾವ ಗಾಡಿಯೂ ಬಂದಿರಲಿಲ್ಲ.

“ಯಾಕ, ರಜಾನೇನು?” ಎಂದು ಕೇಳಿದಳು.

ಗೋಡೆಗೆ ಹೇಳುವ ಮಾತಲ್ಲ ಇದು. ಎದ್ದು ಕೂತು ಎಲ್ಲ ಹೇಳಿದೆ. ಪುಟ, ಸಾಲು, ಮೇಡಂ, ಮೌಸು. ಆಕೆಗೆ ಎಷ್ಟು ತಿಳಿಯಿತೋ. ಬುತ್ತಿಯ ಗಂಟು ಹಿಡಿದುಕೊಂಡು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದಳು.

“ಅಂವಾ ಬರಬ್ಯಾಡ ಅಂದ್ರ ನೀ ಹೋಗಂಗಿಲ್ಲೇನು?” ಎಂದಳು ಕೊನೆಗೆ. “ನಮಗ ಮೇಸ್ತ್ರಿ ದಿನಾ ಬರಬ್ಯಾಡ್ರಿ ಅಂತಾನ. ನಾವು ದಿನಾ ಹೋಗ್ತೀವಿ. ಬರಬ್ಯಾಡ ಅನ್ನೋದು ಅವರ ಕೆಲಸ, ಹೋಗೋದು ನಮ್ಮ ಕೆಲಸ.”

ಹೇಳಿ ಹೊರಟೇಬಿಟ್ಟಳು. ಓಣಿಯ ತುದಿಯವರೆಗೂ ಆಕೆಯ ಕೆಮ್ಮು ಕೇಳಿಸಿತು. ಒಳ್ಳೆಯ ಕೆಮ್ಮಲ್ಲ ಅದು. ಅಪ್ಪನ ಕೆಮ್ಮನ್ನು ಕೇಳಿದ ಕಿವಿಗೆ ಗೊತ್ತಾಗುತ್ತದೆ. ಇಷ್ಟು ದಿನ ಯಾಕೆ ನನಗೆ ಬರೀ ಸದ್ದಾಗಿ ಕೇಳಿಸುತ್ತಿತ್ತೋ.

18 ಜೂನ್, ಬುಧವಾರ

ಹೋದೆ. ಸರ್ ತಲೆ ಎತ್ತಲಿಲ್ಲ. ನನ್ನ ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ “ಶುಕ್ರವಾರ ಅಂದಾಳ ಆಕಿ” ಎಂದು ಗೋಡೆಯ ಕ್ಯಾಲೆಂಡರಿಗೆ ಹೇಳಿದರು. ನಾನೂ ಕ್ಯಾಲೆಂಡರಿಗೇ “ಗೊತ್ತದರಿ” ಎಂದೆ.

ಶಹರಬಾನು ಇಬ್ಬರನ್ನೂ ನೋಡಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು.

19 ಜೂನ್, ಗುರುವಾರ

ಸಿಕ್ಕಿತು! ಸಿಕ್ಕಿತು! ಮೊದಲಿಂದ ನೆಟ್ಟಗೆ ಬರೆಯಬೇಕು.

ಸಂಜೆ ಶಹಾಬಾದಿನಿಂದ ಪ್ಯಾಸೆಂಜರ್ ಹತ್ತಿದೆ. ಟಿಸಿ ಅಲ್ಲೇ ಡಬ್ಬಿಯೊಳಗೆ ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ನಾನು ಪಾಸ್ ತೋರಿಸಿದೆ. ವಾಡಿಗೆ ಮುಂಚೆ ಸಿಗ್ನಲ್ ಸಿಗದೆ ಗಾಡಿ ಎಂದಿನಂತೆ ನಿಂತಿತು. ಎಂದಿನಂತೆ ಖಣಿಯ ಹೆಂಗಸರು ಬುತ್ತಿ ಗಂಟು, ಸುತ್ತಿಗೆ ಸಮೇತ ಕಲ್ಲಿನ ರಾಶಿ ದಾಟಿ ಬಂದು ಏರಿದರು. ಟಿಸಿ ನಮ್ಮ ಡಬ್ಬಿಯನ್ನು ಮುಗಿಸಿಯಾಗಿತ್ತು. ಈಗ ಬಂದವರನ್ನು ಯಾರೂ ಕೇಳಲಿಲ್ಲ. ಅವರಲ್ಲಿ ಹಣಮವ್ವನೂ ಇದ್ದಳು. “ನೋಡು, ನಮ್ಮನ್ ಯಾರೂ ಕೇಳಂಗಿಲ್ಲ” ಎಂದು ನನ್ನ ಪಕ್ಕ ಕೂತು ಕಾಲು ಚಾಚಿದಳು.

ಆದರೆ ವಾಡಿಯಲ್ಲಿ ಇಳಿದರೆ ಸ್ಟೇಷನ್ನಿನ ಗೇಟಿನಲ್ಲಿ ಇನ್ನೊಬ್ಬ ಟಿಸಿ ನಿಂತಿದ್ದರು. ಕೈ ಅಡ್ಡ ಹಿಡಿದು ಹಣಮವ್ವನನ್ನು ತಡೆದರು.

“ಟಿಕೇಟ?”

“ನಾ ಸ್ಟೇಷನ್ದಾಗ ಹತ್ತೇ ಇಲ್ರೀ ಯಪ್ಪಾ! ನಾ ಸಿಗ್ನಲ್‌ದಾಗ ಹತ್ತೀನಿ. ಅಲ್ಲಿ ಟಿಕೇಟ್ ಯಾರ್ ಕೊಡ್ತಾರ?” ಹಣಮವ್ವನ ದನಿ ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸಿತು.

“ಹತ್ತಿದ್ದು ಎಲ್ಲಿಂದಾರೆ ಇರ್ಲವಾ. ಹೊರಗ ಹೋಗಾದು ಈ ಗೇಟಿಂದೇ ಅಲ್ಲೇನು? ನಾ ಇಲ್ಲೇ ನಿಂತಿರ್ತೀನಿ. ಹೇಳು, ಎಲ್ಲಿಂದ ಬಂದಿ?”

ನಾನು ಅಲ್ಲೇ ನಿಂತುಬಿಟ್ಟೆ. ಹಿಂದಿನವರು ಬೈದು ಪಕ್ಕದಿಂದ ಹೋದರು.

ಪ್ರತಿ ಚೌಕದ ಹತ್ತಿರ ನಾನು ಒಬ್ಬೊಬ್ಬ ಟಿಸಿಯನ್ನು ನಿಲ್ಲಿಸುತ್ತಿದ್ದೆ. ಆಮೇಲೆ ಹತ್ತಿದವರು ತಪ್ಪಿಸಿಕೊಳ್ಳುತ್ತಿದ್ದರು. ಮತ್ತೆ ಎಲ್ಲರನ್ನೂ ಕೇಳಲು ಹೊರಟರೆ ಮೊದಲೇ ಹತ್ತಿದವರನ್ನು ಎರಡು ಸಲ ಕೇಳಿದಂತಾಗುತ್ತಿತ್ತು. ಗೇಟಿನಲ್ಲಿ ಒಬ್ಬನೇ ನಿಂತರೆ ಸಾಕಲ್ಲ! ಚೌಕದ ಮೇಲೆ ಮಾಡಿದ ಕ್ಲಿಕ್ಕು ಚೌಕದಲ್ಲೇ ಸಾಯುವುದಿಲ್ಲ. ಚೌಕದಿಂದ ಅದರ ಸಾಲಿಗೆ, ಸಾಲಿನಿಂದ ಎಲ್ಲ ಸಾಲುಗಳನ್ನೂ ಹಿಡಿದಿಟ್ಟ ಇಡೀ ಟೇಬಲ್ಲಿಗೆ ಮೇಲೇರುತ್ತ ಹೋಗುತ್ತದೆ. ಡಿಪ್ಲೊಮಾದಲ್ಲಿ ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು, ಅಲ್ಲೇ ಬಿಟ್ಟು ಬಂದಿದ್ದೆ. ಚೌಕಗಳನ್ನು ಬಿಟ್ಟು ಟೇಬಲ್ಲಿಗೆ ಒಮ್ಮೆ ಹೇಳಿದರಾಯಿತು. ಅದು ಮೊದಲಿಂದಲೂ ಇದ್ದೇ ಇರುತ್ತದೆ. ಅದರೊಳಗೆ ಯಾರು ಯಾವಾಗ ಬಂದರೂ ಅವರ ಕ್ಲಿಕ್ಕು ಅದನ್ನು ದಾಟಿಯೇ ಹೋಗಬೇಕು. ಆಗ ಕೇಳುವ ಪ್ರಶ್ನೆ ಒಂದೇ, ಎಲ್ಲಿಂದ ಬಂದಿ? ಯಾವ ಸಾಲಿನಿಂದ ಎಂದು ಅದೇ ಹೇಳುತ್ತದೆ, ಆ ಸಾಲಿನ ಪೆಟ್ಟಿಗೆ ತೆರೆದರೆ ಮುಗಿಯಿತು.

ಹಣಮವ್ವ ಜಗಳ ಆಡಿ ಆಡಿ ಟಿಸಿಯೇ ಸೋತು ಕೈ ಮುಗಿದು ಕಳಿಸಿದರು. ಹೊರಗೆ ಬಂದ ಮೇಲೆ ನಾನು ಅವಳನ್ನು ಅಪ್ಪಿಕೊಂಡೆ. “ಹುಚ್ಚ ಹಿಡದದೇನು ಇದಕ?” ಎಂದಳು.

20 ಜೂನ್, ಶುಕ್ರವಾರ

ಕೋಡಿನ ಅರ್ಧವನ್ನು ಕಿತ್ತು ಹಾಕಿದೆ. ಉಳಿದದ್ದು ಮೊದಲಿಗಿಂತ ಪುಟ್ಟದು. ಸಾಲು ಸೇರಿಸಿದೆ, ಒತ್ತಿದೆ, ತೆರೆಯಿತು. ಇನ್ನೊಂದು, ತೆರೆಯಿತು. ಶಹರಬಾನು ಗುಂಡಿ ಒತ್ತುತ್ತಲೇ ಹೋದಳು, ಪುಟ ನೆಲದವರೆಗೆ ಇಳಿಯುವಷ್ಟು ಸಾಲು. ಕಟ್ಟಕಡೆಯದಕ್ಕೆ ‘ಮೊಮ್ಮಗನ ಹೆಂಡತಿ’ ಎಂದು ಬರೆದು ಕ್ಲಿಕ್ ಮಾಡಿದಳು. ಅದೂ ತೆರೆಯಿತು. ಯಜಮಾನನದನ್ನೂ ನೋಡಿದೆವು, ಒಂದೇ ಸಲ ಓಗೊಟ್ಟ.

ಸರ್ ಬಂದು ಹಿಂದೆ ನಿಂತರು. ತಾವೂ ಒಂದು ಸಾಲು ಸೇರಿಸಿ ಒತ್ತಿದರು. ಮೇಡಂಗೆ ಫೋನ್ ಹಚ್ಚಿ “ನಾ ಹೇಳಿದ್ನಿಲ್ರೀ, ನಮ್ಮ ಹುಡುಗಿ ಮಾಡ್ತಾಳಂತ?” ಎಂದರು.

ಯಾವಾಗ ಹೇಳಿದ್ದರು? ಇರಲಿ. ‘ನಮ್ಮ ಹುಡುಗಿ’ಯಂತೆ, ‘ಬರಬ್ಯಾಡ’ ಎಲ್ಲಿ ಹೋಯಿತೋ. ನಾನೂ ನೆನಪಿಸಲಿಲ್ಲ. ಮುಂದಿನ ಸಲ ಜಗಳಕ್ಕೆ ಬೇಕಾಗುತ್ತದೆ.

ಮನೆಗೆ ಹೋಗಿ ಚಿಗವ್ವನಿಗೆ ಹೇಳಿದೆ. “ಹಂಗಾದ್ರ ನಮ್ಮಂಥವರ್ದೂ ತೆರಿತದ?” ಎಂದಳು. ತೆರೆಯುತ್ತದೆ ಎಂದೆ. ಅವಳು ಒಲೆಯ ಮುಂದಿನಿಂದ ಏಳದೆ, ಮುಂದಿನ ವಾರ ಊರ ಶಾಲೆಯಲ್ಲಿ ಹೆಸರು ಬರೆಸುವ ದಿನ ಖಣಿಗೆ ರಜೆ ಹಾಕಬೇಕಾಗುತ್ತದೆ, ಮೇಸ್ತ್ರಿಗೆ ಏನು ಹೇಳಲಿ ಎಂದು ಲೆಕ್ಕ ಹಾಕತೊಡಗಿದಳು. ಭಾನುವಾರವೇ ಇದೆ ಎಂದ ಮೇಲೆ ನಿರಾಳವಾದಳು.

29 ಜೂನ್, ಭಾನುವಾರ

ವಾಡಿಯ ಶಾಲೆಯಲ್ಲಿ ಇವತ್ತು ಕಾಲಿಡಲು ಜಾಗ ಇರಲಿಲ್ಲ. ಸರ್ ಸೆಂಟರಿನ ಕಂಪ್ಯೂಟರು, ಯುಪಿಎಸ್ ಎಲ್ಲ ಟಂಟಂ ಆಟೋದಲ್ಲಿ ಹೇರಿಕೊಂಡು ತಂದಿದ್ದರು. ಒಂದು ಮಷೀನಿಗೆ ನಾನು, ಇನ್ನೊಂದಕ್ಕೆ ಶಹರಬಾನು.

ಹಣಮವ್ವ ಇಡೀ ಮನೆಯನ್ನೇ ಹೊರಡಿಸಿಕೊಂಡು ಬಂದಿದ್ದಳು. ಮೊದಲ ಸಾಲು ಅವಳ ಗಂಡನದು. ಖಣಿಯ ಕಡೆ ಮುಖ ಹಾಕಿದವನಲ್ಲ, ಕಟ್ಟೆಯ ಮೇಲೆ ಬೀಡಿ ಸೇದುವುದೇ ಕಸುಬು. ಕಲ್ಲಿನ ಕೆಲಸ ಇದೆಯೇ ಎಂದು ಕೇಳಿದೆ. ಹೌದು ಎನ್ನಲು ಬಾಯಿ ತೆರೆದ. “ಸುಳ್ಳ ಹೇಳಬ್ಯಾಡ, ಸುಮ್ ಕೂಡು” ಎಂದಳು ಹಣಮವ್ವ. ಅವನ ಚೌಕವನ್ನು ಖಾಲಿ ಬಿಟ್ಟೆ. ಆಮೇಲೆ ಸೇರಿಸಿದೆ ನೋಡಿ, ಅವಳು, ಸೊಸೆಯರು, ಗಂಡ ಬಿಟ್ಟ ಮಗಳು, ಆ ಮಗಳ ಜೊತೆಗೇ ಬಂದು ಉಳಿದ ಅತ್ತೆ ಕೂಡ. ಒಂದರ ಹಿಂದೆ ಒಂದು ಪೆಟ್ಟಿಗೆ ತೆರೆಯುತ್ತ ಹೋಯಿತು. ನನಗೆ ಹಿಂದಿರುಗಿ ಸರ್ ಮುಖ ನೋಡುವ ಆಸೆ ಭಾಳ ಇತ್ತು, ಪುರುಸೊತ್ತು ಇರಲಿಲ್ಲ.

ಮಧ್ಯಾಹ್ನವಾದರೂ ನಮ್ಮ ಮನೆಯದು ಆಗಿರಲಿಲ್ಲ. ನೋಡಿದರೆ ಚಿಗವ್ವ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತು, ಬಂದವರಿಗೆಲ್ಲ “ನೀವು ಮುಂದ ಹೋಗ್ರಿ, ನಮ್ಮ ಹುಡುಗೀನೇ ಬರೀಲಿಕತ್ಯಾಳ, ನಂದೇನ್ ಅವಸರ ಇಲ್ಲ” ಎಂದು ದಾರಿ ಬಿಡುತ್ತಿದ್ದಳು. ಕೆಮ್ಮು ಬಂದಾಗಲೆಲ್ಲ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದಳು.

“ಚಿಗವ್ವಾ, ಬಾ ಇಲ್ಲಿ” ಎಂದು ಕರೆದೆ.

ಅವಳು ತಿರುಗಲಿಲ್ಲ.

ಗದ್ದಲದಲ್ಲಿ ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಕರೆದೆ, “ಚಿಗವ್ವಾ!” ಇಬ್ಬರು ಮೂವರು ಬೇರೆ ಹೆಂಗಸರು ತಿರುಗಿ ನೋಡಿದರು. ಯಾರನ್ನು ಕರೆಯುತ್ತಿದ್ದಾರೆ ಎಂಬಂತೆ ಅವಳು ತನ್ನ ಹಿಂದೆ ನೋಡಿದಳು. ಶಹರಬಾನು ಎದ್ದು ಹೋಗಿ ಭುಜ ಮುಟ್ಟಿ “ನಿಮಗೇ ಕರೀಲಿಕತ್ಯಾಳ್ರಿ” ಎಂದಾಗ ಬಂದಳು. ಕಿವಿಯೂ ಮಂದವಾಗಿದೆ ಅಂತ ಕಾಣುತ್ತದೆ. ಕಲ್ಲು ಕೊಯ್ಯುವ ಮಷೀನಿನ ಸದ್ದಿಗೆ ಹಾಗಾಗುತ್ತದಂತೆ, ಮೇಡಂಗೆ ಅದನ್ನೂ ಹೇಳಬೇಕು.

ಸ್ಟೂಲಿನ ತುದಿಯಲ್ಲಿ ಕೂತಳು. ಕಣ್ಣು ಒದ್ದೆಯಾಗಿತ್ತು, ಕೆಮ್ಮಿ ಕೆಮ್ಮಿ ಇರಬೇಕು. “ನಿನ್ ಹೆಸರು ಮೊದ್ಲ ಹಾಕು ಪೂನಮ್ಮ” ಎಂದಳು. “ನೌಕರಿ ಇದ್ದಾಕಿ ನೀನು. ನಾ ಆ ಮನಿಗಿ ಆಮ್ಯಾಗ ಬಂದಾಕಿ. ಕೆಳಗ ಹಾಕು ನನ್ನ, ಕೆಳಗಿಂದೂ ತೆರಿತದ ಅಂದಿದ್ದಿಲ್ಲ?”

ಯಜಮಾನರು ಎಂಬಲ್ಲಿ ‘ಯಂಕಮ್ಮ ಗಂಡ ಭೀಮಶ್ಯಾ’ ಎಂದು ಬರೆದೆ. ಚೌಕ ಒತ್ತಿದೆ. ಯಾವ ಖಣಿ, ಎಷ್ಟು ವರ್ಷ, ಕೆಮ್ಮು, ಎಲ್ಲ ಕೇಳಿ ತುಂಬಿದೆ. ಆಮೇಲೆ ‘ಸದಸ್ಯರನ್ನು ಸೇರಿಸಿ’ ಒತ್ತಿದೆ. ಹೊಸ ಸಾಲು ಬಂತು. ಅದರಲ್ಲಿ ನನ್ನ ಹೆಸರು. ಯಜಮಾನರೊಂದಿಗೆ ಸಂಬಂಧ ಎಂಬಲ್ಲಿ ಒತ್ತಿದರೆ ಹೆಂಡತಿ, ಮಗ, ಸೊಸೆ ಎಂದು ಪಟ್ಟಿ ಇಳಿಯುತ್ತದೆ. ನಾನೇ ಮಾಡಿದ ಪಟ್ಟಿ. ಅದರಲ್ಲಿ ಒಂದನ್ನು ಆರಿಸಿದೆ.

“ಏನ್ ಬರ್ದಿ?” ಎಂದು ಕೇಳಿದಳು. ಅವಳಿಗೆ ಓದು ಬರುವುದಿಲ್ಲ.

“ಮಗಳು ಅಂತ.”

ಅವಳು ಸ್ಕ್ರೀನಿನ ಹತ್ತಿರ ಬಗ್ಗಿ ಆ ಸಾಲಿನ ಮೇಲೆ ಬೆರಳಿಟ್ಟಳು. ಹಿಂದಿನವರು ಬೇಗ ಬೇಗ ಎಂದು ಕೂಗುತ್ತಿದ್ದರು.

“ಅದರ ಬಾಜೂಕ ಏನದ, ಆ ಚೌಕ? ಕಲ್ಲಿನ ಕೆಲಸದ್ದೇನು?”

“ಹೂಂ. ಅದು ನಿಂದು ಆತಲ್ಲ. ಇದು ನಂದು.”

“ನಿಂದಕ್ಕ ಇಲ್ಲ ಅಂತ ಬರಿ.” ದನಿ ಒಮ್ಮೆಲೇ ಏರಿತು, ಇಡೀ ಶಾಲೆಗೆ ಕೇಳುವ ಹಾಗೆ. “ದೊಡ್ಡ ಅಕ್ಷರದಾಗ ಬರಿ. ನನ್ನ ಮಗಳು ಒಂದ್ ದಿನಾನೂ ಕಲ್ಲು ಒಡದಿಲ್ಲ ಅಂತ ಬರಿ.”

ಹಾಗೆ ಬರೆಯಲು ಪುಟದಲ್ಲಿ ಜಾಗ ಇಲ್ಲ. ಚೌಕವನ್ನು ಖಾಲಿ ಬಿಡಬೇಕು, ಅಷ್ಟೆ. ಖಾಲಿ ಬಿಟ್ಟೆ. ಬರೆದೆ ಎಂದು ಅವಳಿಗೆ ಹೇಳಿ ಮುಂದಿನ ಮನೆಯವರನ್ನು ಕರೆದೆ.